ಬಾಡಿಗೆ ಕೊಡದೆ ಜಾರಿಕೊಂಡ ಸ್ಲೋಪರ್, ಕುರ್ಚಿಗೆ ಕಣ್ಣಿಟ್ಟ ತಂತ್ರಿ

ಖಾರಘರದಲ್ಲಿ ಬಾಡಿಗೆಗೆ ಇರುವವರಿಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಂದು ಮೊನ್ನೆ ಮುಗೀತು, ಬಾಡಿಗೆ ಏರಿತು. ಆಗ ನೆನಪಾದವನೇ ಆಲಿ ಸ್ಲೋಪರ್.

ಯಾರಪ್ಪ ಇವನು? 1867ರ ಆಗಸ್ಟ್ 14ರಂದು ಲಂಡನ್ನಿನ ‘ಜೂಡಿ’ ಎಂಬ ಹಾಸ್ಯಪತ್ರಿಕೆಯಲ್ಲಿ ಹುಟ್ಟಿದ ಪಾತ್ರ. ದಪ್ಪ ಮೂಗು, ಜಜ್ಜಿದ ಟೋಪಿ, ಕೈಯಲ್ಲೊಂದು ಛತ್ರಿ. ‘ಆಲಿ’ ಅಂದ್ರೆ ಗಲ್ಲಿ, ‘ಸ್ಲೋಪ್’ ಅಂದ್ರೆ ಆಗಿನ ಆಡುಮಾತಲ್ಲಿ ಮೆಲ್ಲಗೆ ಜಾರಿಕೊಳ್ಳೋದು. ಬಾಡಿಗೆ ವಸೂಲಿಗೆ ಬಂದವನನ್ನು ಕಂಡ ಕೂಡಲೇ ಗಲ್ಲಿಯೊಳಗೆ ಮಾಯವಾಗುವವನು! ದಿನಕ್ಕೊಂದು ಹೊಸ ಪ್ಲಾನ್, ಕೊನೆಗೆ ಎಲ್ಲಾ ತಲೆಕೆಳಗು.

ಅವನನ್ನು ಸೃಷ್ಟಿಸಿದವನು ಚಾರ್ಲ್ಸ್ ರಾಸ್. ಆದರೆ ಮುಂದೆ ವರ್ಷಗಟ್ಟಲೆ ಚಿತ್ರ ಬರೆದು ಅವನಿಗೆ ಜೀವ ಕೊಟ್ಟವಳು ರಾಸ್‌ನ ಸಂಗಾತಿ ಎಮಿಲಿ ಡಿ ಟೆಸ್ಸಿಯರ್. ‘ಮೇರಿ ಡುವಾಲ್’ ಅನ್ನೋದು ಆಕೆಯ ಕಾವ್ಯನಾಮ. ಬಹುಕಾಲ ಆಕೆಯ ಹೆಸರು ಮಸುಕಾಗಿಯೇ ಉಳಿಯಿತು. ಈ ಕಿಲಾಡಿಯ ಕಥೆಯಲ್ಲಿ ನಿಜವಾಗಿ ಮೋಸ ಹೋದವಳು ಆಕೆಯೇ ಅನ್ನಿಸುತ್ತೆ.

1884ರ ಮೇ 3ರಂದು ಸ್ಲೋಪರ್ ಹೆಸರಲ್ಲೇ ವಾರಪತ್ರಿಕೆ ಬಂತು, ‘ಆಲಿ ಸ್ಲೋಪರ್ಸ್ ಹಾಫ್ ಹಾಲಿಡೇ’. ಬೆಲೆ ಒಂದು ಪೆನ್ನಿ. ಹಾಫ್ ಹಾಲಿಡೇ ಅಂದ್ರೆ ಕೆಲಸಗಾರರಿಗೆ ಸಿಗುತ್ತಿದ್ದ ಶನಿವಾರದ ಅರ್ಧ ದಿನದ ರಜೆ. ರೈಲು ಅಪಘಾತದಲ್ಲಿ ಸತ್ತವರ ಬಳಿ ಪತ್ರಿಕೆಯ ಪ್ರತಿ ಇದ್ದರೆ ಮನೆಯವರಿಗೆ ವಿಮೆ ಹಣ ಕೊಡುವ ಯೋಜನೆಯೂ ಇತ್ತು. ನಾವು ಹಾರ್ಬರ್ ಲೈನಿನವರು ಇದಕ್ಕೆ ನಗಬೇಕೋ ಅಳಬೇಕೋ!

ಈಗ ನಮ್ಮೂರಿಗೆ ಬರೋಣ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1980ರಲ್ಲಿ ಮುಂಬೈನಿಂದ ‘ಟಿಂಕಲ್’ ಶುರು ಮಾಡಿದರು. ಅದರಲ್ಲಿ ಬಂದವನೇ ತಂತ್ರಿ ಮಂತ್ರಿ. ಹೂಜಾ ರಾಜನ ಕುರ್ಚಿಗೆ ಕಣ್ಣಿಟ್ಟವನು. ಪ್ರತಿ ಸಲ ಹೊಸ ಸಂಚು, ಅದು ತನ್ನ ತಲೆಗೇ ತಿರುಗಿ ಬೀಳುತ್ತೆ. ಪಾಪ, ರಾಜನಿಗೆ ಮಾತ್ರ ಇವನಷ್ಟು ನಿಷ್ಠಾವಂತ ಇನ್ನೊಬ್ಬನಿಲ್ಲ!

ಕೋಡ್ ಬರೆಯುವವನ ಕಣ್ಣಿಗೆ ಇಬ್ಬರದೂ ಒಂದೇ ಲೂಪ್: ಸಂಚು, ಸೋಲು, ಮತ್ತೆ ಮೊದಲಿಂದ. ಒಮ್ಮೆ ಗೆದ್ದರೆ ಲೂಪ್ ನಿಂತು ಹೋಗುತ್ತೆ, ಕಥೆ ಮುಗಿಯುತ್ತೆ. ಆದರೆ ನಮ್ಮ ನಗು ಒಂದೇ ಅಲ್ಲ. ತಂತ್ರಿಗೆ ಅಧಿಕಾರ ಇದೆ, ಇನ್ನೂ ಬೇಕು. ಅವನು ಬಿದ್ದರೆ ನಮಗೆ ಖುಷಿ. ಸ್ಲೋಪರ್ ಜೇಬು ಖಾಲಿ. ಅವನು ತಪ್ಪಿಸಿಕೊಂಡರೆ ನಮಗೆ ಸಮಾಧಾನ. ಯಾರ ಸೋಲಿಗೆ ನಗ್ತೀವಿ ಅನ್ನೋದು ನಾವು ಯಾರ ಪಕ್ಷ ಅಂತ ಹೇಳಿಬಿಡುತ್ತೆ, ಅಲ್ವಾ?

ನಾನಂತೂ ಬಾಡಿಗೆ ಕಟ್ಟಿದೆ. ನಮ್ಮ ಸೊಸೈಟಿಯಲ್ಲಿ ಜಾರಿಕೊಳ್ಳೋಕೆ ಗಲ್ಲಿಯೇ ಇಲ್ಲ, ಗೇಟಲ್ಲಿ ಸಿಸಿಟಿವಿ ಬೇರೆ. ಮತ್ತೆ ಸಿಗೋಣ.