ಕೂತಲ್ಲಿಂದಲೇ ಗುಂಡು ಎಸೆದ ಮಾಲತಿ ಹೊಳ್ಳ

ಕಾಲಿನ ಬಲವೇ ಇಲ್ಲದೆ
ಗುಂಡು ಎಸೆತದಲ್ಲಿ ಚಿನ್ನ ಗೆಲ್ಲೋಕಾಗುತ್ತಾ?

ಗೆದ್ದವರು ನಮ್ಮ ಬೆಂಗಳೂರಲ್ಲೇ ಇದ್ದಾರೆ.
ಮಾಲತಿ ಕೃಷ್ಣಮೂರ್ತಿ ಹೊಳ್ಳ.

ಹುಟ್ಟಿದ್ದು 1958ರಲ್ಲಿ.
ಅಪ್ಪ ಸಣ್ಣದೊಂದು ಹೋಟೆಲ್ ನಡೆಸ್ತಿದ್ರು.
ಎಳೆಗೂಸಾಗಿದ್ದಾಗಲೇ ಜ್ವರ ಬಂತು.
ಇಡೀ ಮೈ ಸ್ವಾಧೀನ ತಪ್ಪಿತು.
ವರ್ಷಗಟ್ಟಲೆ ಚಿಕಿತ್ಸೆ ಆದ್ಮೇಲೆ
ಸೊಂಟದ ಮೇಲೆ ಬಲ ಬಂತು.
ಕಾಲಿಗೆ ಬರಲಿಲ್ಲ.
ಆದ ಆಪರೇಷನ್‌ಗಳು 30ಕ್ಕೂ ಹೆಚ್ಚು!

ಈಗ ಎಸೆತ ನೋಡಿ.
ನಿಂತು ಎಸೆಯೋರಿಗೆ ಬಲ ಹುಟ್ಟೋದು ನೆಲದಿಂದ.
ಕಾಲು ಒತ್ತುತ್ತೆ, ಸೊಂಟ ತಿರುಗುತ್ತೆ,
ಕೊನೆಗೆ ಕೈ ತಳ್ಳುತ್ತೆ.

ಕೂತು ಎಸೆಯೋರಿಗೆ?
ಕುರ್ಚಿಯನ್ನ ಪಟ್ಟಿ ಬಿಗಿದು ನೆಲಕ್ಕೆ ಕಟ್ಟಿರ್ತಾರೆ.
ಸೀಟಿಂದ ಮೇಲೆದ್ರೆ ಫೌಲ್.

ಜಯನಗರ 4ನೇ ಬ್ಲಾಕ್‌ನಲ್ಲಿ
3 ಕಿಲೋ ಕಲ್ಲಂಗಡಿ ಕೊಂಡ್ರಿ ಅಂದ್ಕೊಳ್ಳಿ.
ಕುರ್ಚಿ ಬಿಟ್ಟು ಏಳದೆ,
ಒಂದೇ ಕೈಲಿ, ಕುತ್ತಿಗೆ ಪಕ್ಕದಿಂದ
ರಸ್ತೆ ಮಧ್ಯಕ್ಕೆ ತಳ್ಳಬೇಕು.
ಭುಜ ಏನಾಗುತ್ತೆ, ಯೋಚಿಸಿ.

ಬರೀ ಭುಜದ ಬಲದಿಂದ್ಲೇ ಮಾಲತಿಗೆ 1989ರಲ್ಲಿ, ಡೆನ್ಮಾರ್ಕ್‌ನಲ್ಲಿ,
ಗುಂಡು, ಡಿಸ್ಕಸ್, ಜಾವೆಲಿನ್ — ಮೂರರಲ್ಲೂ ಚಿನ್ನ.
ಜೊತೆಗೆ ಗಾಲಿಕುರ್ಚಿಯ 200 ಮೀಟರ್ ಓಟದಲ್ಲೂ!
ಇದೆಲ್ಲ ಬ್ಯಾಂಕ್ ಕೆಲಸ ಮಾಡ್ಕೊಂಡೇ.

1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ.
ಒಟ್ಟು ಪದಕ 300 ದಾಟಿದೆ.

ನನಗೆ ಇದಕ್ಕಿಂತ ದೊಡ್ಡದು ಅನ್ಸೋದು
ಅವರು ಕಟ್ಟಿದ ಮಾತೃ ಫೌಂಡೇಶನ್.
ಅಂಗವಿಕಲ ಮಕ್ಕಳಿಗೆ ಅಲ್ಲಿ ಆಸರೆ ಇದೆ.

ಕಂಠೀರವ ಸ್ಟೇಡಿಯಂನಲ್ಲಿ ಪ್ಯಾರಾ ಕ್ರೀಡಾಕೂಟ ನಡೆದಾಗ
ಮಕ್ಕಳನ್ನ ಕರ್ಕೊಂಡು ಹೋಗಿ.
ಕೂತು ಎಸೆಯೋ ಸ್ಪರ್ಧೆ ಮುಗಿಯೋ ತನಕ ನೋಡಿ.