ಒಂದು ಸ್ವಿಚ್ಚು, ಹಲವು ದೀಪಗಳು

ಗೋಡೆಯ ಮೇಲಿನ ಒಂದು ಸ್ವಿಚ್ಚನ್ನು ಒತ್ತಿದೊಡನೆ ನಡುಮನೆಯ ನಾಲ್ಕು ದೀಪಗಳೂ ಒಮ್ಮೆಗೇ ಬೆಳಗುತ್ತವೆ. ನಿತ್ಯವೂ ಕಾಣುವ ಈ ಸಂಗತಿಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ದೀಪಗಳನ್ನು ಒಂದಕ್ಕೊಂದು ಹೇಗೆ ಜೋಡಿಸಬೇಕೆಂಬುದು ಮೊದಲನೆಯದು. ಸ್ವಿಚ್ಚನ್ನು ಯಾವ ತಂತಿಯಲ್ಲಿ ಇರಿಸಬೇಕೆಂಬುದು ಎರಡನೆಯದು. ಮೊದಲನೆಯದರಲ್ಲಿ ತಪ್ಪಿದರೆ ದೀಪಗಳೇ ಅದನ್ನು ಹೇಳಿಬಿಡುತ್ತವೆ. ಎರಡನೆಯದರಲ್ಲಿ ತಪ್ಪಿದರೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ, ಅಪಾಯವಿರುವುದು ಅಲ್ಲಿಯೇ.

ನಮ್ಮ ದೇಶದಲ್ಲಿ ಮನೆಗಳಿಗೆ ಒದಗುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಅದು ಎರಡು ತಂತಿಗಳ ಮೂಲಕ ದೀಪವನ್ನು ತಲುಪುತ್ತದೆ. ಒಂದು ಸಜೀವ ತಂತಿ. ಕೆಲಸಗಾರರು ಇದನ್ನು ಫೇಸ್ ಎನ್ನುತ್ತಾರೆ. ಇನ್ನೊಂದು ತಟಸ್ಥ ತಂತಿ, ಅಂದರೆ ನ್ಯೂಟ್ರಲ್. ಇದನ್ನು ಪರಿವರ್ತಕದ ಬಳಿ ಭೂಮಿಗೆ ಸೇರಿಸಿರುವುದರಿಂದ ಇದಕ್ಕೂ ನೆಲಕ್ಕೂ ಒತ್ತಡದ ಅಂತರ ಬಹು ಸ್ವಲ್ಪ. ಸಜೀವ ತಂತಿಗೂ ನೆಲಕ್ಕೂ ನಡುವೆಯಾದರೋ ಪೂರ್ಣ 230 ವೋಲ್ಟ್ ಅಂತರವುಂಟು.

60 ವಾಟಿನ ನಾಲ್ಕು ತಂತುದೀಪಗಳನ್ನು ಹೂಮಾಲೆಯಂತೆ ಒಂದರ ಹಿಂದೊಂದು ಪೋಣಿಸಿದೆವೆಂದು ಭಾವಿಸೋಣ. ಇದು ಸರಣಿ ಜೋಡಣೆ. ಇಲ್ಲಿ ಒಂದೊಂದು ದೀಪಕ್ಕೂ 57.5 ವೋಲ್ಟ್ ಮಾತ್ರ ದೊರೆತು, ತಂತುಗಳು ಮಂಕಾಗಿ ಕೆಂಪೇರುವುವೇ ಹೊರತು ಬೆಳಗಲಾರವು. ಒಂದು ದೀಪ ಕೆಟ್ಟರೆ ಉಳಿದವೂ ಆರುತ್ತವೆ. ಹಬ್ಬದ ದಿನಗಳಲ್ಲಿ ತೂಗುಬಿಡುವ ಹಳೆಯ ಸೀರಿಯಲ್ ಸೆಟ್ಟುಗಳ ಕಷ್ಟವೂ ಇದೇ.

ಆದುದರಿಂದ ಮನೆಯಲ್ಲಿ ಅನುಸರಿಸತಕ್ಕದ್ದು ಸಮಾಂತರ ಜೋಡಣೆಯನ್ನು. 1882ರಲ್ಲಿ ಎಡಿಸನ್ನರು ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರದಿಂದ ಬೆಳಕನ್ನು ಹಂಚಿದ್ದೂ ಈ ಕ್ರಮದಲ್ಲಿಯೇ. ಸಜೀವ ತಂತಿಯು ಮೊದಲು ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಹೊರಟು ಕವಲೊಡೆದು ಪ್ರತಿ ದೀಪದ ಒಂದು ತುದಿಯನ್ನು ಸೇರುತ್ತದೆ. ದೀಪಗಳ ಇನ್ನೊಂದು ತುದಿಗಳೆಲ್ಲ ನೇರವಾಗಿ ತಟಸ್ಥ ತಂತಿಗೆ ಸೇರುತ್ತವೆ. ಕೆರೆಯ ಒಂದೇ ತೂಬು ಹಲವು ಕಾಲುವೆಗಳ ನೀರನ್ನು ತಡೆಯುವಂತೆ ಸ್ವಿಚ್ಚು ಎಲ್ಲ ದೀಪಗಳನ್ನೂ ಆಳುತ್ತದೆ.

ತೂಬಿನಲ್ಲಿ ಎಲ್ಲ ಕಾಲುವೆಗಳ ನೀರೂ ಹರಿಯುವಂತೆ ಸ್ವಿಚ್ಚಿನಲ್ಲಿ ಎಲ್ಲ ದೀಪಗಳ ಪ್ರವಾಹವೂ ಹರಿಯಬೇಕು. ಮೇಲಿನ ನಾಲ್ಕು ದೀಪಗಳಿಗೆ ಒಟ್ಟು 240 ವಾಟ್, ಅಂದರೆ ಸುಮಾರು 1 ಆಂಪಿಯರ್. 6 ಆಂಪಿಯರಿನ ಸಾಮಾನ್ಯ ಸ್ವಿಚ್ಚಿಗೆ ಇದು ಭಾರವಲ್ಲ. ಎಲ್‌ಇಡಿ ದೀಪಗಳಿಗೆ ಇನ್ನೂ ಕಡಿಮೆ ಸಾಕು. ಆದರೆ ಹೊತ್ತಿಸಿದ ಕ್ಷಣದಲ್ಲಿ ಅವು ಎಷ್ಟೋ ಪಾಲು ಹೆಚ್ಚಿನ ಪ್ರವಾಹವನ್ನು ಸೆಳೆಯುವುದರಿಂದ, ವಾಟುಗಳನ್ನು ಮಾತ್ರ ಎಣಿಸಿ ಒಂದೇ ಸ್ವಿಚ್ಚಿಗೆ ಹತ್ತಾರು ದೀಪಗಳನ್ನು ಹೊರಿಸುವುದು ತರವಲ್ಲ.

ಇನ್ನು ಎರಡನೆಯ ಪ್ರಶ್ನೆ. ಸ್ವಿಚ್ಚನ್ನು ತಟಸ್ಥ ತಂತಿಯಲ್ಲಿ ಇರಿಸಿದರೂ ದೀಪಗಳು ಮೊದಲಿನಂತೆಯೇ ಹೊತ್ತಿ ಆರುತ್ತವೆ. ಆದರೆ ಆರಿದ ಮೇಲೂ ಸಜೀವ ತಂತಿಯು ಪ್ರತಿಯೊಂದು ಹೋಲ್ಡರಿನವರೆಗೂ ಬಂದೇ ಇರುತ್ತದೆ. ದೀಪಗಳು ಹಲವಾಗಿದ್ದರೆ ಕೇಡು ಇಮ್ಮಡಿ. ಒಂದು ಬಲ್ಬನ್ನು ಕಳಚಿದರೆ, ಬರಿದಾದ ಆ ಹೋಲ್ಡರಿನ ಒಂದು ತುದಿ ನೇರವಾಗಿಯೂ, ಮತ್ತೊಂದು ತುದಿ ಉಳಿದ ದೀಪಗಳ ಮೂಲಕವೂ ಸಜೀವವಾಗಿರುತ್ತದೆ. ಏಣಿಯ ಮೇಲೆ ನಿಂತವನ ಬೆರಳು ಯಾವುದನ್ನು ಸೋಕಿದರೂ ಪ್ರವಾಹವು ದೇಹದ ಮೂಲಕ ನೆಲವನ್ನು ಹುಡುಕುತ್ತದೆ. 60 ವಾಟಿನ ದೀಪವೊಂದು ಸೆಳೆಯುವುದು ಸುಮಾರು 260 ಮಿಲಿಆಂಪಿಯರ್. ಮನುಷ್ಯನ ಪ್ರಾಣಕ್ಕೆ ಎರವಾಗಲು ಅದರಲ್ಲಿ ಒಂದು ಅಲ್ಪಭಾಗವೇ ಸಾಕು. ಮನೆಗಳ ಸೋರಿಕೆ ರಕ್ಷಕಗಳನ್ನು ಸಾಮಾನ್ಯವಾಗಿ 30 ಮಿಲಿಆಂಪಿಯರಿಗೆ ಗೊತ್ತುಪಡಿಸಿರುವುದು ಇದಕ್ಕಾಗಿಯೇ.

ಹಳೆಯ ಮನೆಗಳಲ್ಲಿ ತಂತಿಯ ಬಣ್ಣವನ್ನು ನಂಬುವಂತಿಲ್ಲ. ಬಲ್ಬನ್ನು ಬದಲಿಸುವ ಮುನ್ನ ಮುಖ್ಯ ಸ್ವಿಚ್ಚನ್ನೇ ಆರಿಸುವುದು ವಿವೇಕ. ತಂತಿಯ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರನಿಗೇ ಬಿಡತಕ್ಕದ್ದು.

ಪರೀಕ್ಷಿಸಿ ನೋಡಬಯಸುವ ವಿದ್ಯಾರ್ಥಿಗೆ 1.5 ವೋಲ್ಟಿನ ಎರಡು ಒಣಕೋಶಗಳೂ ಮೂರು ಟಾರ್ಚಿನ ಬಲ್ಬುಗಳೂ ಒಂದು ಸ್ವಿಚ್ಚೂ ಸಾಕು. ಸರಣಿಯಲ್ಲಿಯೂ ಸಮಾಂತರದಲ್ಲಿಯೂ ಬಲ್ಬುಗಳನ್ನು ಜೋಡಿಸಿದರೆ ಭೇದ ಕೂಡಲೇ ಕಾಣುತ್ತದೆ. ಬಳಿಕ ಸ್ವಿಚ್ಚನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಬದಲಿಸಿದರೆ ಬಲ್ಬುಗಳಲ್ಲಿ ಏನೊಂದು ಭೇದವೂ ಕಾಣದು. ಮನೆಯ ದೀಪಗಳೂ ಹೀಗೆಯೇ ಮೌನವಾಗಿರುವುದರಿಂದ, ದೀಪ ಆರಿದ ಮಾತ್ರಕ್ಕೆ ತಂತಿ ನಿರ್ಜೀವವಾಯಿತೆಂದು ನಾವು ತಿಳಿಯಬಾರದು.