ಮೊಲೊಕಾಯಿಯ ಹಿರಿಯಣ್ಣ

"ಮೊಲೊಕಾಯಿಯೇ? ಅದ್ಯಾವ ತರಕಾರಿಯೋ?" ಹವಾಯಿಗೆ ಹೊರಟಾಗ ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದರು. ತರಕಾರಿಯಲ್ಲ, ದ್ವೀಪ. ಹೀನಾ ದೇವಿಯ ಮಗುವೆಂದು ಅಲ್ಲಿಯವರು ನಂಬುವ, 38 ಮೈಲಿ ಉದ್ದ, 10 ಮೈಲಿ ಅಗಲದ ಈ ನೆಲದಲ್ಲಿ ಒಂದೇ ಒಂದು ಟ್ರಾಫಿಕ್ ಲೈಟ್ ಇಲ್ಲ. ಉತ್ತರ ತೀರದಲ್ಲಿ 3,000 ಅಡಿಗೂ ಮಿಕ್ಕಿದ ಹಸಿರು ಕಡಿಬಂಡೆಗಳು ನೇರ ಕಡಲಿಗಿಳಿಯುತ್ತವೆ.

ಪೂರ್ವದಲ್ಲಿ ರಸ್ತೆ ಮುಗಿಯುವಲ್ಲಿ ಹಾಲಾವ ಕಣಿವೆ. ಜಲಪಾತದ ದಾರಿ ಖಾಸಗಿ ಜಮೀನಿನಲ್ಲಿರುವುದರಿಂದ ಸ್ಥಳೀಯರ ಜೊತೆಗೇ ಹೋಗಬೇಕು. ನಮ್ಮನ್ನು ಕರೆದೊಯ್ದ ಹಿರಿಯರು ಮೊದಲು ಶಂಖ ಊದಿದರು. ಒಳಗಿನಿಂದ ಮರುಶಂಖ ಕೇಳಿದ ಮೇಲೆಯೇ ನಾವು ಹೆಜ್ಜೆಯಿಟ್ಟದ್ದು.

ಜಲಪಾತದ ಮಡುವಿನಲ್ಲಿ ದೈತ್ಯ ಹಲ್ಲಿಯೊಂದು ವಾಸವಾಗಿದೆಯಂತೆ. ಈಜುವ ಮುನ್ನ 'ಟೀ' ಎಂಬ ಗಿಡದ ಎಲೆ (ನಮ್ಮ ಚಹಾ ಅಲ್ಲ!) ನೀರಿಗೆ ಬಿಡಬೇಕು. ತೇಲಿದರೆ ಅಪ್ಪಣೆ, ಮುಳುಗಿದರೆ ಇಲ್ಲ. ನನ್ನ ಎಲೆ ತೇಲಿತು, ಮಗಳದ್ದು ಮುಳುಗಿತು. ಇಬ್ಬರೂ ದಡದಲ್ಲೇ ಕುಳಿತೆವು!

ಹಿಂತಿರುಗುವಾಗ ಕಂಡದ್ದು ನೀರು ನಿಂತ ಗದ್ದೆಗಳಲ್ಲಿ ನಮ್ಮದೇ ಕೆಸು. ಹಿರಿಯರು ಕಥೆ ಹೇಳಿದರು: ಆಕಾಶಪಿತ ವಾಕೇಯನ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು. ಅದನ್ನು ಹೂತಲ್ಲಿ ಚಿಗುರಿದ್ದೇ ಕೆಸು. ಆಮೇಲೆ ಹುಟ್ಟಿದ ಎರಡನೆಯವನಿಂದ ಮನುಷ್ಯಕುಲ. ಹಾಗಾಗಿ ಕೆಸು ಹಿರಿಯಣ್ಣ. ಅಣ್ಣ ಉಣಿಸಬೇಕು, ತಮ್ಮ ಅವನನ್ನು ನೋಡಿಕೊಳ್ಳಬೇಕು. ಗೆಡ್ಡೆಯನ್ನು ಬೇಯಿಸಿ ಕುಟ್ಟಿದ 'ಪೋಯಿ' ಬಟ್ಟಲು ತೆರೆದಿರುವಾಗ ಮನೆಯಲ್ಲಿ ಯಾರೂ ಜಗಳವಾಡುವಂತಿಲ್ಲ.

1946ರ ಏಪ್ರಿಲ್ 1ರಂದು ಅಲ್ಯೂಶಿಯನ್ ದ್ವೀಪಗಳ ಬಳಿಯ ಭೂಕಂಪದಿಂದೆದ್ದ ಸುನಾಮಿ ಈ ಕಣಿವೆಗೂ ನುಗ್ಗಿತು. ಗದ್ದೆಗಳಿಗೆ ಉಪ್ಪುನೀರು ಹೊಕ್ಕಿತು, ಜನ ಊರು ಬಿಟ್ಟರು. ಈಗ ಬೆರಳೆಣಿಕೆಯ ಮನೆಗಳವರು ಹಳೆಯ ಕಲ್ಲುಬದುಗಳನ್ನು ಎತ್ತಿಕಟ್ಟಿ ಮತ್ತೆ ಕೆಸು ನೆಡುತ್ತಿದ್ದಾರೆ.

ಆ ರಾತ್ರಿ ಅಮ್ಮನಿಗೆ ಕಥೆ ಹೇಳಿದೆ. "ಅಯ್ಯೋ, ಇಷ್ಟು ವರ್ಷ ಅಣ್ಣನನ್ನೇ ಪತ್ರೊಡೆ ಮಾಡಿ ತಿಂದೆವಲ್ಲೋ!" ಎಂದು ನಕ್ಕರು. ಸ್ವಲ್ಪ ತಡೆದು, "ನಮ್ಮ ಬಾವಿಕಟ್ಟೆಯ ಕೆಸು ಹಾಗೇ ಇದೆ. ನೋಡಿಕೊಳ್ಳುವ ತಮ್ಮಂದಿರೇ ಇಲ್ಲ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಊರಿಗೆ ಟಿಕೆಟ್ ಮಾತ್ರ ತೆಗೆಸಿದ್ದೇನೆ.